ತಂಗಿಯ ಕಣ್ಣಿಗೆ ನಾನು ಆರಿಸಿದ ಲೆನ್ಸು

ನಮ್ಮ ಮನೆಯಲ್ಲಿ ನಗು ಬರುವಂಥದ್ದು ಆಗುತ್ತಲೇ ಇರುತ್ತದೆ. ಪೆಟ್ಟು ಬೀಳುವುದು ಮಾತ್ರ ಪ್ರತಿ ಸಲ ತಂಗಿಗೆ.

೧. ಗ್ಯಾಸ್ಕೆಟ್

ಹೆಣ್ಣು ನೋಡಲು ಬಂದ ಎರಡು ಮನೆಯವರು ಅವಳ ದಪ್ಪ ಕನ್ನಡಕ ನೋಡಿ, ಉಪ್ಪಿಟ್ಟು ತಿಂದು, ಎದ್ದು ಹೋಗಿದ್ದರು. ಮೂರನೆಯವರು ಬರುವ ಮೊದಲು ಕನ್ನಡಕ ಅಡಗಿಸಬೇಕು ಎಂದು ಅಪ್ಪ ಹಟ ಹಿಡಿದರು. ನಾನು ಕಾರ್ಖಾನೆ ಗೇಟಿನಲ್ಲಿ ವರದಕ್ಷಿಣೆ ವಿರುದ್ಧ ಭಾಷಣ ಮಾಡುವವನು. ಆದರೂ ಅವಳನ್ನು ಕರೆದುಕೊಂಡು ಭದ್ರಾವತಿಯಿಂದ ಶಿವಮೊಗ್ಗದ ಕನ್ನಡಕದ ಅಂಗಡಿಗೆ ಹೋದೆ. ನಾಚಿಕೆಗೇಡು.

ಅಂಗಡಿಯವರು ಎರಡು ಡಬ್ಬಿ ಇಟ್ಟರು. "ಎರಡೂ ಮೆತ್ತನೆ ಲೆನ್ಸೇ ಸಾರ್. ಇದು ನೀರು ಹೀರ್ಕೊಂಡಿರೋ ಪ್ಲಾಸ್ಟಿಕ್ಕು. ಹಾಕಿದ ತಕ್ಷಣ ಹಿತವಾಗಿರುತ್ತೆ, ಹೊತ್ತಾದ್ರೆ ಒಣಗುತ್ತೆ. ಇದು ಹೊಸದು, ಸಿಲಿಕೋನ್ ಸೇರಿರೋದು. ಸ್ವಲ್ಪ ಬಿರುಸು, ಆದ್ರೆ ಕಣ್ಣಿಗೆ ಗಾಳಿ ಚೆನ್ನಾಗಿ ಹೋಗುತ್ತೆ."

ಸಿಲಿಕೋನ್ ನನಗೆ ಗೊತ್ತು. ಎಣ್ಣೆ ಸೋರುವ ಪಂಪಿಗೆ ನಾನೇ ಟ್ಯೂಬಿನಿಂದ ಹಿಂಡಿ ಹಚ್ಚುತ್ತೇನೆ. "ಏನ್ರೀ, ಪಂಪಿಗೆ ಹಾಕೋ ಗ್ಯಾಸ್ಕೆಟ್ ಪೇಸ್ಟನ್ನ ನನ್ನ ತಂಗಿ ಕಣ್ಣಿಗೆ ಹಾಕ್ತೀರಾ?" ಎಂದು ಜಗಳಕ್ಕೆ ನಿಂತೆ. ನಾಲ್ಕು ಗಿರಾಕಿಗಳು ನನ್ನ ಕಡೆಯಾದರು. ನೀರಿನದನ್ನೇ ಕಟ್ಟಿಸಿಕೊಂಡೆ.

"ಅಣ್ಣ, ಅವರು ಹೇಳೋದನ್ನಾದ್ರೂ ಕೇಳೋ" ಎಂದಳು ತಂಗಿ.

"ನೀನು ಸುಮ್ನಿರು. ಹೆಣ್ಣುಮಕ್ಕಳ ಹಕ್ಕಿಗೇ ಮಾತಾಡ್ತಿದೀನಿ" ಎಂದೆ.

೨. ಅಂಗೈ

ಲೆನ್ಸು ತೊಳೆಯುವುದು ಎಡ ಅಂಗೈ ಮೇಲೆ. ಅದನ್ನಿಟ್ಟು, ಮೇಲೆ ದ್ರಾವಣ ಬಿಟ್ಟು, ಬೆರಳಿನಿಂದ ಮೆಲ್ಲಗೆ ಸವರಬೇಕು. ಅಪ್ಪ ಇಷ್ಟಲಿಂಗ ಪೂಜೆ ಮಾಡುವುದೂ ಎಡ ಅಂಗೈ ಮೇಲೆಯೇ. ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವರು, ತಂಗಿ ತಲೆ ಬಗ್ಗಿಸಿ ಕೂತಿದ್ದನ್ನು ಕಂಡು ಬಾಗಿಲಲ್ಲೇ ಕೈಮುಗಿದು ನಿಂತರು.

"ಅಪ್ಪಾ, ಇದು ಲೆನ್ಸು."

"ಗೊತ್ತಮ್ಮ. ಈಗ ನಿನ್ನ ಮದುವೆ ಮಾಡಿಸ್ಬೇಕಾಗಿರೋದು ಅದೇ ಅಲ್ವಾ, ಅದಕ್ಕೇ ಮುಗಿದೆ."

೩. ಮೂರನೆಯವರು

ಮೂರನೆಯ ಗಂಡಿನ ಕಡೆಯವರು, ಶಿವಮೊಗ್ಗದ ಗೋಪಾಳದವರು, ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ ಎಂದು ಮೂರಕ್ಕೆ ಬಂದರು. ಬೆಳಿಗ್ಗೆಯಿಂದ ಹಾಕಿಕೊಂಡಿದ್ದ ಲೆನ್ಸು ಒಣಗಿ, ಕಣ್ಣು ಕೆಂಡವಾಗಿತ್ತು. ಕಾಫಿ ಕೊಡುವಾಗ ತಂಗಿಯ ಕೆನ್ನೆ ಮೇಲೆ ನೀರು ದಳದಳ ಇಳಿಯಿತು.

ಹುಡುಗನ ತಾಯಿ ಕರಗಿಹೋದರು. "ಪಾಪ ಮಾರಾಯ್ತಿ, ತವರು ಬಿಡ್ಬೇಕಲ್ಲ ಅಂತ ಈಗ್ಲೇ ಅಳ್ತಿದಾಳೆ. ಇಂಥ ಸಂಸ್ಕಾರ ಈಗೆಲ್ಲಿ ಸಿಗುತ್ತೆ?" ಅಲ್ಲೇ ಒಪ್ಪಿಕೊಂಡರು.

ಅವರು ಹೋದ ಮೇಲೆ ತಂಗಿ ಮೆಲ್ಲಗೆ ಕೇಳಿದಳು. "ಅಣ್ಣ, ಸೋಫಾದಲ್ಲಿ ಕೂತಿದ್ದ ಇಬ್ಬರಲ್ಲಿ ಹುಡುಗ ಯಾರು?"

೪. ವಾರ್ಡು

ಮದುವೆಯಾಯಿತು. ಗಂಡನ ಮನೆಯಲ್ಲಿ ಕನ್ನಡಕದ ಗುಟ್ಟು ಬಯಲಾಗುತ್ತದೆ ಎಂಬ ಹೆದರಿಕೆಗೆ ಅವಳು ಲೆನ್ಸು ತೆಗೆಯದೆಯೇ ಮಲಗುತ್ತಿದ್ದಳು. ಎರಡೇ ತಿಂಗಳಿಗೆ ಎಡಗಣ್ಣಿನ ಕರಿಗುಡ್ಡೆ ಮೇಲೆ ಹುಣ್ಣಾಯಿತು. ಆಸ್ಪತ್ರೆಗೆ ಓಡಿದೆ.

"ಮಲಗುವಾಗ ಯಾವ ಲೆನ್ಸೂ ಇರಬಾರದು. ಅದರಲ್ಲೂ ಇದು ಗಾಳಿ ಬಿಡೋದೇ ಕಡಿಮೆ. ಹುಣ್ಣು ವಾಸಿಯಾದ್ರೂ ಕಲೆ ಉಳಿಯುತ್ತೆ, ಆ ಕಣ್ಣು ಸರಿಯಾಗಿ ಕಾಣಲ್ಲ" ಎಂದರು ಡಾಕ್ಟರು. "ಇದನ್ನ ಆರಿಸಿದ್ದು ಯಾರು?"

"ನಾನೇ ಸಾರ್" ಎಂದಳು ತಂಗಿ. ಊರಿಗೆಲ್ಲ ಕೇಳುವಂತೆ ಕೂಗುವ ನಾನು ಗೋಡೆಗೆ ಅಂಟಿಸಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದುತ್ತ ನಿಂತೆ.

ಅವಳ ಅತ್ತೆ ಮಂಚದ ಪಕ್ಕದಲ್ಲೇ ಶುರು ಮಾಡಿದರು. "ಕನ್ನಡಕ ಮುಚ್ಚಿಟ್ಟು ಹುಡುಗೀನ ನಮ್ಮ ತಲೆಗೆ ಕಟ್ಟಿದ್ರಿ. ಇದು ಮೋಸ."

ಡಾಕ್ಟರು ಅವಳ ಗಂಡನ ಕಡೆ ತಿರುಗಿದರು. "ನಿಮ್ಮ ಕಣ್ಣೂ ಕೆಂಪಗಿದೆಯಲ್ರೀ. ಲೆನ್ಸಾ? ತೆಗೀರಿ, ನೋಡೋಣ."

ಅವನು ತಾಯಿಯ ಮುಖ ನೋಡಿದ. ಎರಡೂ ಕಣ್ಣಿನಿಂದ ಲೆನ್ಸು ತೆಗೆದ. ತನ್ನ ಚೀಲದ ತಳದಿಂದ ಕನ್ನಡಕ ತೆಗೆದು ಹಾಕಿಕೊಂಡ. ತಂಗಿಯದಕ್ಕಿಂತ ದಪ್ಪ.

"ಅತ್ತೆ, ಇದು?" ಎಂದಳು ತಂಗಿ.

"ಅವನದಕ್ಕೇನಾಗಿದೆ? ಸಿಲಿಕೋನಿಂದು. ಗಂಡುಹುಡುಗನ ಕಣ್ಣಲ್ವಾ, ನಾಲ್ಕು ಅಂಗಡಿ ವಿಚಾರಿಸಿ ತಂದಿದ್ದು."

ವಾರ್ಡೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ತಂಗಿ. ಪಟ್ಟಿ ಕಟ್ಟಿದ ಕಣ್ಣಿನಿಂದಲೂ ನೀರು ಇಳಿಯಿತು.

"ನಗಬೇಡಮ್ಮ, ಹಾಕಿದ ಔಷಧಿ ಹರಿದು ಹೋಗುತ್ತೆ" ಎಂದು ನರ್ಸಮ್ಮ ಗದರಿದರು.

"ಹೋಗ್ಲಿ ಬಿಡಿ ಸಿಸ್ಟರ್" ಎಂದಳು. "ಮದುವೆ ಆಗೋ ತನಕ ಇದ್ರೆ ಸಾಕಾಗಿತ್ತು ಈ ಕಣ್ಣು."