ಹಲ್ಲಿಗೆ ನೀರು ಕಟ್ಟಿದ್ದು

ಕಟಕಟ, ಕಟಕಟ, ಕಿರ್ರ್ರ್... ಮೊದಲು ಪೆಡಲಿನ ಸದ್ದು, ಅದರ ಹಿಂದೆಯೇ ಹಲ್ಲಿನ ಸದ್ದು. ಐವತ್ತರ ದಶಕದ ಕೊನೆಯಲ್ಲಿ ಸೊರಬದ ನಮ್ಮ ಅತ್ತೆಯ ಮನೆಯ ಉಪ್ಪರಿಗೆಯಲ್ಲಿ ಹಲ್ಲು ಕೊರೆಯುವ ಯಂತ್ರವನ್ನು ಡಾಕ್ಟರೇ ಕಾಲಿನಿಂದ ತುಳಿಯುತ್ತಿದ್ದರು, ದರ್ಜಿ ಹೊಲಿಗೆ ಯಂತ್ರ ತುಳಿದ ಹಾಗೆ. ಕೆಳಗೆ ರಸ್ತೆಯಲ್ಲಿ ಹೋಗುವ ಹೆಂಗಸರು ತಲೆಯೆತ್ತಿ "ಮೇಲೆ ರವಿಕೆ ಹೊಲಿದು ಕೊಡ್ತಾರಾ?" ಎಂದು ಕೇಳಿದ್ದೂ ಉಂಟು. ಮನುಷ್ಯರ ಮೆಮೊರಿಗೆ ಮರ್ಯಾದೆ ಎಂಬುದಿಲ್ಲ. ನನ್ನ ಮಕ್ಕಳು ಆಡಿದ ಮೊದಲ ಮಾತು ನನಗೆ ಮರೆತುಹೋಗಿದೆ. ಆ ಕಟಕಟ ನೆನಪಾದರೆ ಮಾತ್ರ ಈಗಲೂ ಮೈ ಜುಂ ಎನ್ನುತ್ತದೆ. ಅದು ಹೆದರಿಕೆಗೋ ಇನ್ನೊಂದಕ್ಕೋ ಎಂದು ಈ ವಯಸ್ಸಿನಲ್ಲಿ ವಿಚಾರಿಸಿಕೊಳ್ಳುವುದು ಡೀಸೆಂಟ್ ಅಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಇಂಗ್ಲಿಷ್ ಕಲಿತಷ್ಟೇ ಶ್ರದ್ಧೆಯಿಂದ ಟಾಫಿ ತಿನ್ನುವುದನ್ನೂ ಕಲಿತೆ. "ಸ್ಮೈಲ್, ಗರ್ಲ್ಸ್, ಸ್ಮೈಲ್" ಎಂದು ಸಿಸ್ಟರ್‌ಗಳು ನಗುವುದನ್ನು ಕಲಿಸಿದರು. ಟಾಫಿ ಆ ನಗುವಿನ ನಟ್ಟನಡುವೆ ಒಂದು ಕಪ್ಪು ತೂತು ಕೊರೆಯಿತು. ಓದು ಮುಗಿಸಿ ಶಿಕಾರಿಪುರದ ಮನೆಗೆ ಬಂದ ಮೇಲೆ ನಗು ಬಂದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನೋಡಿದವರೆಲ್ಲ, ಕಾನ್ವೆಂಟಿಗೆ ಹೋಗಿ ಬಂದರೂ ಹುಡುಗಿಗೆ ಎಷ್ಟು ನಾಚಿಕೆ ಎಂದು ಮೆಚ್ಚಿಕೊಂಡರು. ಮೋಸ ಹೋಗದವರು ಗಿರಿಜತ್ತೆ ಒಬ್ಬರೇ. ಅವರು ನಮ್ಮಪ್ಪಾಜಿಯ ಅಕ್ಕ. ಸೊರಬದಲ್ಲಿ ಸ್ವಂತ ಮನೆ, ಕೆಳಗೆ ಎರಡು ಮಳಿಗೆ, ಜೊತೆಗೆ ಸೊರಬ ಶಿಕಾರಿಪುರ ಎರಡೂ ತಾಲ್ಲೂಕಿಗೆ ಸಾಕಾಗಿ ಮಿಗುವಷ್ಟು ಅಭಿಪ್ರಾಯಗಳಿದ್ದ ಹೆಂಗಸು.

"ಎಂತದೇ ಸರೋಜಿ, ಹಲ್ಲಿಗೆ ಎಳ್ಳು ಮೆತ್ತಿಕೊಂಡಿದ್ಯಾ?" ಎಂದರು ಒಂದು ದಿನ, ನನ್ನ ಸೆರಗನ್ನು ಸೀದಾ ಕೆಳಗೆಳೆದು.

"ಹುಳುಕು ಅತ್ತೆ."

"ನಡಿ ಹಂಗಾದ್ರೆ ಸೊರಬಕ್ಕೆ. ನಮ್ಮ ಉಪ್ಪರಿಗೆಯಲ್ಲಿ ಒಬ್ಬ ಡಾಕ್ಟ್ರು ನೊಣ ಹೊಡೀತಾ ಕೂತಿದಾರೆ."

ಆ ಡಾಕ್ಟರ ಹೆಸರು ಚಿದಾನಂದ. ಅವರ ಕಷ್ಟ ಏನೆಂದರೆ, ಹಲ್ಲನ್ನು ಉಳಿಸುವ ವಿದ್ಯೆ ಕಲಿತು ಅವರು ಬಂದಿದ್ದರು; ಊರಿನವರು ಕೀಳಿಸುವುದಕ್ಕೆ ಮಾತ್ರ ಬರುತ್ತಿದ್ದರು. ಕೆಟ್ಟ ಹಲ್ಲಿಗೆ ತೇಪೆ ಹಾಕಿಸುವುದೆಂದರೆ ಸತ್ತ ಎಮ್ಮೆಗೆ ಮೂಗುದಾರ ಪೋಣಿಸಿದ ಹಾಗೆ ಎಂಬುದು ಜನಾಭಿಪ್ರಾಯ. ಅಷ್ಟರಲ್ಲಿ ಹೊಸಬಾಳೆಯ ದರ್ಜಿಯೊಬ್ಬ ಅದೇ ಕೋಣೆಯನ್ನು ಕೇಳಿಕೊಂಡು ಬಂದಿದ್ದ. ಅತ್ತೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತೀರ್ಪು ಕೊಟ್ಟರು: "ನೋಡಿ ಡಾಕ್ಟ್ರೇ, ಈ ಹುಡುಗಿ ಹಲ್ಲು ದೀಪಾವಳಿ ತನಕ ನಿಂತ್ರೆ ಕೋಣೆ ನಿಮ್ಮದು. ಕೈಕೊಟ್ರೆ ದರ್ಜಿದು."

ಆಗಿನ್ನೂ ಯುಗಾದಿ ಕಳೆದಿತ್ತಷ್ಟೆ. ಡಾಕ್ಟರು ನನ್ನ ಮೇಲೆ ಬಗ್ಗಿದರು. ಲವಂಗದೆಣ್ಣೆಯ ವಾಸನೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಅಷ್ಟು ಹತ್ತಿರದಿಂದ ನನ್ನನ್ನು ನೋಡಿದ ಮೊದಲ ಗಂಡಸು ಅವರೇ. ಅವರು ನೋಡಿದ್ದು ಮೇಲಿನ ಸಾಲಿನ ಒಂದು ಹಲ್ಲನ್ನು ಎಂಬುದು ಬೇರೆ ಮಾತು. ಕೊರೆದದ್ದಾಯಿತು. ಆಮೇಲೆ ಗಾಜಿನ ಹಲಗೆಯ ಮೇಲೆ ಒಂದು ಬಿಳಿ ಪುಡಿ, ಎರಡು ಹನಿ ದ್ರವ ಹಾಕಿ ಸರಸರನೆ ಕಲಸಿ ತೂತಿಗೆ ತುಂಬಿದರು. ಸಿಲಿಕೇಟ್ ಅಂತೆ. ಅತ್ತೆ ಅವರ ಭುಜದ ಹಿಂದೆಯೇ ನಿಂತಿದ್ದರು.

"ಸೋರದಿಲ್ಲ ತಾನೆ?"

ಡಾಕ್ಟರು ಅಲ್ಲಿ ಒಂದು ಸುಳ್ಳು ಹೇಳಿದ್ದರೆ ನಾನು ಎಷ್ಟೋ ಸುಖವಾಗಿರುತ್ತಿದ್ದೆ. ಅವರು ಹೇಳಲಿಲ್ಲ. "ಅಂಚಿನಲ್ಲಿ ಒಂಚೂರು ಸೋರಬಹುದಮ್ಮ. ಇದು ಹಲ್ಲಿಗೆ ಅಂಟೋದಿಲ್ಲ, ಗುಳಿ ಒಳಗೆ ಕಚ್ಚಿಕೊಂಡು ಕೂತಿರುತ್ತೆ. ಹುಳಿ ತಾಗಿದರೆ ಕರಗುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಆದರೆ ಇದರಲ್ಲಿ ಫ್ಲೋರೈಡ್ ಅಂತ ಒಂದು ಸತ್ವ ಇದೆ. ಅದು ದಿನಾ ಸ್ವಲ್ಪಸ್ವಲ್ಪ ಹೊರಗೆ ಬಂದು ಸುತ್ತಲಿನ ಹಲ್ಲನ್ನ ಗಟ್ಟಿ ಮಾಡುತ್ತೆ. ಹಾಗಾಗಿ ಸೋರಿದರೂ ಹುಳುಕು ಹಿಡಿಯೋದು ಕಡಿಮೆ."

ಅತ್ತೆ ನಿಟ್ಟುಸಿರು ಬಿಟ್ಟರು. "ಸೋರ್ತದಂತೆ, ಕರಗ್ತದಂತೆ, ಬಿರುಕು ಬಿಡ್ತದಂತೆ, ಆದ್ರೂ ಒಳ್ಳೇದಂತೆ. ನಮ್ಮನೆಯವರೂ ಹಿಂಗೇ ಇದ್ರು, ಶಿವಾ."

ಡಾಕ್ಟರು ಫಿಲ್ಲಿಂಗಿನ ಮೇಲೆ ವ್ಯಾಸಲೀನ್ ಸವರಿ, ಮೊದಲ ದಿನ ನೀರು ತಾಗಿಸಬೇಡಿ, ಆಮೇಲೆ ಒಣಗಲು ಬಿಡಬೇಡಿ, ಉಪ್ಪಿನಕಾಯಿಯಿಂದ ದೂರವಿರಿ ಎಂದು ಹೇಳಿ ಕಳಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ನಮ್ಮ ಶಿಕಾರಿಪುರದ ಮನೆಯಲ್ಲಿ ಆಗ ಹೊಸ ಸಿಮೆಂಟ್ ನೆಲ ಹಾಕಿಸಿ, ಅದು ಬಿರಿಯದೆ ಗಟ್ಟಿಯಾಗಲೆಂದು ಸುತ್ತ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದರು. ನೆಲ ಹಾಕಿದ ರುದ್ರಪ್ಪ ಮೇಸ್ತ್ರಿ ದಿನಾ ಬಂದು ನೀರು ನೋಡಿ ಹೋಗುತ್ತಿದ್ದರು. ಹಲ್ಲಿನ ಕಾವಲಿಗೆಂದು ನನ್ನ ಜೊತೆಗೇ ಬಂದಿದ್ದ ಅತ್ತೆ ಮೇಸ್ತ್ರಿಯನ್ನು ಕರೆದು ನನ್ನ ಬಾಯಿ ತೆಗೆಸಿ ತೋರಿಸಿದರು.

"ಕೆಲಸ ನೈಸಾಗೈತ್ರೀ," ಎಂದರು ಮೇಸ್ತ್ರಿ. "ನೀರು ಎಷ್ಟು ದಿನ ಕಟ್ಟೀರಿ?"

"ಹಲ್ಲಿಗೆ ಎಂತ ನೀರು?"

"ಅಯ್ಯ ಅಕ್ಕಾರ! ಪುಡಿ ಕಲಸಿ ಹಾಕಿದ್ದಲ್ಲೇನ್ರಿ? ನೆಲ ಆದ್ರೇನು, ಹಲ್ಲಾದ್ರೇನು, ಕಲಸಿ ಹಾಕಿದ್ದಕ್ಕ ನೀರು ಬೇಕ್ರಿ. ಇಪ್ಪತ್ತೊಂದು ದಿನ. ಇಲ್ಲಾಂದ್ರ ಬಿರುಕು ಬಿಡೋದು ಗ್ಯಾರಂಟಿ."

ಡಾಕ್ಟರೂ ಒಣಗಲು ಬಿಡಬೇಡಿ ಎಂದಿದ್ದರಲ್ಲ! ಎರಡು ಶಾಸ್ತ್ರಗಳು ಒಂದಾದ ಮೇಲೆ ನನ್ನ ಮಾತಿಗೆಲ್ಲಿ ಬೆಲೆ? ಮರುದಿನದಿಂದ ನಾನು ಬೆಳಗಿನಿಂದ ಸಂಜೆಯವರೆಗೆ ಬಾಯಿ ತುಂಬ ನೀರು ತುಂಬಿಕೊಂಡು ಮನೆಯೊಳಗೆ ಓಡಾಡಿದೆ. ಊಟಕ್ಕೆ ಮಾತ್ರ ರಜೆ. ಮೇಸ್ತ್ರಿ ಬಂದವರು ನೆಲ ನೋಡುತ್ತಿದ್ದರು, ನನ್ನ ಕೆನ್ನೆ ನೋಡುತ್ತಿದ್ದರು, "ನೀರು ಕಮ್ಮಿ ಆಗೈತಿ" ಎಂದು ಅತ್ತೆಗೆ ಹೇಳಿ ಹೋಗುತ್ತಿದ್ದರು. ಷೇಕ್ಸ್‌ಪಿಯರನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗಿ ಯಾರು ಏನು ಕೇಳಿದರೂ "ಉಂ" ಎನ್ನುವಂತಾದಳು. ಮನೆ ಎಷ್ಟು ತಣ್ಣಗಾಯಿತೆಂದರೆ ಅಪ್ಪಾಜಿ ಒಂದು ದಿನ, "ಇಪ್ಪತ್ತೊಂದು ಸಾಕಾ ಮೇಸ್ತ್ರಿ? ನಲವತ್ತೆಂಟು ದಿನ ಮಾಡಿದ್ರೆ ಇನ್ನೂ ಗಟ್ಟಿಯಲ್ವಾ?" ಎಂದು ಆಸೆಯಿಂದ ಕೇಳಿದರು.

ಇಷ್ಟು ಓದಿದವಳು ಯಾಕೆ ಒಪ್ಪಿಕೊಂಡೆ ಎಂದು ನೀವು ಕೇಳಬಹುದು. ಹಲ್ಲು ಕೈಕೊಟ್ಟರೆ ಡಾಕ್ಟರು ಸೊರಬ ಬಿಟ್ಟು ಹೋಗುತ್ತಾರಲ್ಲ! ದಂತವೈದ್ಯ ಶಾಸ್ತ್ರದ ಏಳಿಗೆಗಾಗಿ ಈ ತ್ಯಾಗ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆಗಾಲದ ಮಿಡಿ ಉಪ್ಪಿನಕಾಯಿಯನ್ನೂ ಅದೇ ಏಳಿಗೆಗಾಗಿ ಬಿಟ್ಟೆ.

ಫಿಲ್ಲಿಂಗ್ ನಿಂತಿತು. ದೀಪಾವಳಿಯೂ ಬಂತು. ನೀರು ತುಂಬುವ ಹಬ್ಬದ ಹಿಂದಿನ ದಿನ ಮೇಸ್ತ್ರಿ ನಮ್ಮ ಬಚ್ಚಲಿಗೆ ತಾವೇ ಕಟ್ಟಿದ್ದ ಹೊಸ ತೊಟ್ಟಿಯನ್ನು ಪರೀಕ್ಷೆ ಮಾಡಲು ಬಂದರು. ಅವರ ಪರೀಕ್ಷೆ ಹೀಗೆ: ಬಟ್ಟೆಗೆ ಹಾಕುವ ನೀಲಿಯನ್ನು ತೊಟ್ಟಿಯ ನೀರಿಗೆ ಕದಡುವುದು, ಹೊರಗಡೆ ಎಲ್ಲಾದರೂ ನೀಲಿ ಗೆರೆ ಮೂಡಿತೋ ನೋಡುವುದು. ಮೂಡಲಿಲ್ಲ. ಮೇಸ್ತ್ರಿ ಮೀಸೆ ತಿರುವಿದರು. ಹಬ್ಬಕ್ಕೆ ಬಂದಿದ್ದ ಅತ್ತೆಯ ಕಣ್ಣು ಮೆಲ್ಲಗೆ ತೊಟ್ಟಿಯಿಂದ ನನ್ನ ಕಡೆಗೆ ತಿರುಗಿತು.

"ಅತ್ತೆ, ನೋ! ಪ್ಲೀಸ್!" ಎಂದೆ. ಲೋಟ ಆಗಲೇ ತುಟಿಯ ಹತ್ತಿರ ಬಂದಿತ್ತು.

ಕಾಲು ಗಂಟೆ ನೀಲಿ ನೀರು ಬಾಯಲ್ಲಿಟ್ಟುಕೊಂಡು ಉಗಿದೆ. ಮೇಸ್ತ್ರಿ ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಇಣುಕಿದರು. "ಸೋರೈತ್ರಿ ಅಕ್ಕಾರ! ಸುತ್ತಾ ಗೆರೆ ಹಿಡದೈತಿ ನೋಡ್ರಿ, ಕೂದಲೆಳಿಯಂಗ!" ಅವರ ದನಿಯಲ್ಲಿದ್ದ ಸಂತೋಷವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮರುದಿನ ಮೊದಲ ಬಸ್ಸಿಗೇ ಸೊರಬಕ್ಕೆ. ಎಷ್ಟು ತೊಳೆದರೂ ತುಟಿ, ನಾಲಿಗೆ, ಒಸಡು ಎಲ್ಲ ನೀಲಿ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಏನ್ರೀ ಅಮ್ಮಾರ, ಶಿವಗ ಕಂಠ ನೀಲಿ, ನಿಮಗ ಬಾಯೇ ನೀಲಿ!" ಎಂದ. ಬಸ್ಸು ಶಿರಾಳಕೊಪ್ಪ ದಾಟುವವರೆಗೂ ಜನ ನಗುತ್ತಿದ್ದರು.

ಅತ್ತೆ ಉಪ್ಪರಿಗೆ ಹತ್ತಿದವರೇ, "ಸೋರಿದೆ ಡಾಕ್ಟ್ರೇ. ಇನ್ನು ಎಂತ ಹೇಳ್ತೀರಿ?" ಎಂದರು.

ನಾನು "ಇಟ್ ಈಸ್ ನಾಟ್ ಫೇರ್!" ಎಂದು ಭಾಷಣ ಶುರು ಮಾಡಿದೆ. ನೀಲಿ ನಾಲಿಗೆ ನೋಡಿ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಸೋರಬಹುದು ಅಂತ ನಾನೇ ಹೇಳಿದ್ದೆನಲ್ಲಮ್ಮ. ಫಿಲ್ಲಿಂಗ್ ಕೊರೆದು ತೆಗೆದು ನೋಡೋಣ. ಒಳಗೆ ಹುಳುಕು ಇದ್ದರೆ ಇವತ್ತೇ ಪೆಟ್ಟಿಗೆ ಕಟ್ತೀನಿ," ಎಂದರು. ಪೆಡಲಿನ ಮೇಲೆ ಅವರ ಕಾಲು ನಡುಗುತ್ತಿತ್ತು. ಹಾಗೆ ನಡುಗುವ ಕಾಲಿನಿಂದ ತಿರುಗುವ ಸೂಜಿ ನನ್ನ ಬಾಯಲ್ಲಿತ್ತು. ದಂತವೈದ್ಯ ಶಾಸ್ತ್ರದ ಮೇಲಿನ ನನ್ನ ಪ್ರೀತಿ ಎಷ್ಟು ಆಳದ್ದೆಂದು ನೀವೇ ಊಹಿಸಿ.

ಫಿಲ್ಲಿಂಗ್ ಚೂರುಚೂರಾಗಿ ಹೊರಬಂತು. ಡಾಕ್ಟರು ಸಣ್ಣ ಕನ್ನಡಿ ಹಿಡಿದು ಅತ್ತೆಯನ್ನು ಕರೆದರು. ಅತ್ತೆ ನೋಡಿದರು. ಸಾಲದೆಂದು ಡಾಕ್ಟರ ಕೈಯಿಂದ ಹಲ್ಲು ಕೆದಕುವ ಉಕ್ಕಿನ ಕಡ್ಡಿ ಕಿತ್ತುಕೊಂಡು, ಸಂತೆಯಲ್ಲಿ ಗಡಿಗೆ ಬಡಿದು ನೋಡುವವರ ಹಾಗೆ ನನ್ನ ಹಲ್ಲಿನ ಗುಳಿಯನ್ನು ಟಕ್ ಟಕ್ ಎಂದು ಬಡಿದರು. ಗಟ್ಟಿ ಸದ್ದು. ಹೊಸ ಹುಳುಕಿನ ಸುಳಿವೇ ಇರಲಿಲ್ಲ.

ಅತ್ತೆ ಹೋಗಿ ಬಾಗಿಲು ಹಾಕಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು. "ಕೆಳಗೆ, ಬಲಗಡೆ ದವಡೆ. ಎರಡು ವರ್ಷದಿಂದ ಜೀವ ತಿಂತಾ ಇದೆ. ಯಾರಿಗೂ ಹೇಳಬೇಡಿ," ಎಂದು ಬಾಯಿ ತೆರೆದರು.

ಆಗ ನನಗೆ ಅರ್ಥವಾಯಿತು. ಇಪ್ಪತ್ತೊಂದು ದಿನದ ನೀರು, ಬಿಟ್ಟ ಮಿಡಿ ಉಪ್ಪಿನಕಾಯಿ, ನೀಲಿ, ಬಸ್ಸಿನ ನಗೆ, ಎಲ್ಲವೂ ಅತ್ತೆಯ ದವಡೆ ಹಲ್ಲಿನ ಧೈರ್ಯಕ್ಕಾಗಿ ನಡೆದ ಎಕ್ಸ್‌ಪೆರಿಮೆಂಟ್. ದವಡೆಗೆ ಬಿಳಿಯದು ತಡೆಯುವುದಿಲ್ಲ, ಬೆಳ್ಳಿಯದು ಹಾಕಬೇಕು ಎಂದು ಡಾಕ್ಟರು ಹೇಳಿದಾಗ ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಕೋಣೆ ಡಾಕ್ಟರಿಗೇ ಉಳಿಯಿತು. ಅತ್ತೆಯ ಕೃತಜ್ಞತೆ ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷ ಚಂದ್ರಗುತ್ತಿಯ ಕಡೆಯಿಂದ ಅವರಿಗೊಂದು ಹೆಣ್ಣನ್ನೂ ಹುಡುಕಿ ಕೊಟ್ಟರು. "ಡಾಕ್ಟ್ರಿಗೆ ಹೇಳಿ ಮಾಡಿಸಿದ ಹುಡುಗಿ ಕಣೇ, ಒಂದು ಹಲ್ಲೂ ಹುಳುಕಿಲ್ಲ," ಎಂದು ನನಗೇ ವರದಿ ಒಪ್ಪಿಸಿದರು. ನಾನು ಹೊಸದಾಗಿ ತುಂಬಿಸಿಕೊಂಡಿದ್ದ ಹಲ್ಲು ತೋರಿಸಿ ಸ್ಮೈಲ್ ಮಾಡಿದೆ.

ಅದಾದ ಮರುವರ್ಷ ಶಿಕಾರಿಪುರದಲ್ಲಿ ನನ್ನ ಮದುವೆ. ಡಾಕ್ಟರು ಹೆಂಡತಿಯೊಡನೆ ಬಂದಿದ್ದರು. ಅಕ್ಷತೆ ಹಾಕಿ ಎದುರಿಗೆ ನಿಂತರು. ಏನೋ ಹೇಳುವವರ ಹಾಗೆ ಅವರು ಹತ್ತಿರಕ್ಕೆ ಬಗ್ಗಿದರು. "ಅಂಚು ಸ್ವಲ್ಪ ಸವೆದ ಹಾಗಿದೆಯಲ್ಲ," ಎಂದರು. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡ ಗಂಡ, ಮುಂದೆ ಇನ್ನೂರು ಜನ, ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಸಿದ್ಧನಾಗಿದ್ದ. ನಾನು ತಲೆ ಹಿಂದಕ್ಕೆ ವಾಲಿಸಿ ಅಗಲವಾಗಿ "ಆ" ಎಂದು ಬಾಯಿ ತೆರೆದೆ. "ಇನ್ನೆರಡು ವರ್ಷ ತಡೆಯುತ್ತೆ ಬಿಡಿ," ಎಂಬ ಮಾತು ಕೇಳಿಸಿತು, ಮಂಟಪದ ಮೆಟ್ಟಿಲಿಳಿದ ಚಪ್ಪಲಿಯಿಲ್ಲದ ಹೆಜ್ಜೆಗಳೂ ಕೇಳಿಸಿದವು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವತ್ತೇ. ನೋಡಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಬಾಯಿ ತೆರೆದ ಕೂಡಲೇ ಕಣ್ಣು ಮುಚ್ಚಿಕೊಳ್ಳುವ ಕೆಟ್ಟ ಅಭ್ಯಾಸ ನನಗೆ.