ಬದ್ರೋದ್ದೀನ ಸಾಹೇಬರ ಇಪ್ಪತ್ತು ಸಸಿಗಳು

ಹಂಗಾಮಿ ಗುಮಾಸ್ತ ಮನ್ಮಥಪ್ಪನ ಸಂಕಟಕ್ಕೆಲ್ಲ ಮೂಲ, ಒಂದೇ ಕುಂಬಾರನ ಮನೆಯಿಂದ ಬಂದ ಎರಡು ಮಣ್ಣಿನ ತಟ್ಟೆಗಳು. ಒಂದರಲ್ಲಿ ಹೆಂಡತಿ ಗುರಮ್ಮ ನವರಾತ್ರಿಯ ಘಟಕ್ಕೆಂದು ಬಿತ್ತಿದ ಜೋಳ. ಇನ್ನೊಂದರಲ್ಲಿ ಅವನ ಮೇಲಧಿಕಾರಿ, ಭಾಲ್ಕಿ ಕಚೇರಿಯ ಪೇಶಕಾರ ಬದ್ರೋದ್ದೀನ ಸಾಹೇಬರ ವಿಲಾಯತಿ ಹೂವಿನ ಸಸಿಗಳು, ಎಣಿಸಿ ಇಪ್ಪತ್ತು.

"ಇವಷ್ಟೂ ಉಳಿಸಿ ಕೊಡು. ದಸರಾಕ್ಕ ನಿನ್ನ ನೌಕರಿ ಪಕ್ಕಾ" ಎಂದಿದ್ದರು ಸಾಹೇಬರು.

ಬಿಸಿಲು ತಾಗದೆ ಬೆಳಕಷ್ಟೇ ಬೀಳುವ ಸ್ಥಳ ಆ ಮನೆಯಲ್ಲಿ ದೇವರ ಕೋಣೆಯ ಕಿಟಕಿಯೊಂದೇ. ಸಸಿಗಳು ಒಂದೇ ಕಡೆಗೆ ವಾಲದಂತೆ ಮನ್ಮಥಪ್ಪ ದಿನವೂ ತಟ್ಟೆಯನ್ನು ತಿರುಗಿಸಿ, ಬೆರಳ ತುದಿಯಿಂದ ನೀರು ಚಿಮುಕಿಸಿ, ಹಾಲುಗೂಸಿನಂತೆ ಸಾಕಿದ್ದನು. ದಸರೆಯ ಬೆಳಗ್ಗೆ ದೇವರ ಮುಂದಿನ ಘಟಕ್ಕೂ ನೀರು ಚಿಮುಕಿಸಿ, ಆತುರದಲ್ಲಿ ಎರಡು ತಟ್ಟೆಗಳನ್ನೂ ಅದಲುಬದಲಾಗಿಟ್ಟು ಸ್ನಾನಕ್ಕೆ ಹೋದನು.

ಮಿಂದು, ಗೂಟದಲ್ಲಿದ್ದ ರುಮಾಲನ್ನು ತಲೆಗಿಟ್ಟುಕೊಂಡು ಬಂದು ನೋಡಿದರೆ ಕಿಟಕಿಯಲ್ಲಿ ಜೋಳ ನಗುತ್ತಿದೆ. ದೇವರ ಮುಂದಿನ ತಟ್ಟೆ ಬೋಳುತಲೆಯಂತಾಗಿದೆ! ಪ್ರತಿ ದಸರೆಗೂ ಘಟದ ಸಸಿ ಕಿತ್ತು ಹಂಚುವ, ಕಣ್ಣು ಮಂಜಾದ ನೆರೆಮನೆಯ ಈರಮ್ಮ ಕೈಯ ಮಣ್ಣು ಒರೆಸಿಕೊಳ್ಳುತ್ತಿದ್ದಳು.

"ಈ ವರ್ಷ ನಿಮ್ಮ ಘಟ ಭಾಳ ಸೊರಗ್ಯಾದ ನೋಡಪಾ. ಆದ್ರೂ ಓಣಿ ಮಂದಿಗೆಲ್ಲ ಒಂದೊಂದು ಹಂಚಿ ಬಂದೆ."

"ಅಯ್ಯ ಈರಮ್ಮಾಯಿ, ಅದು ಘಟ ಅಲ್ಲ, ನನ್ನ ನೌಕರಿ!"

ಘಟದ ಸಸಿಯನ್ನು ತಲೆಯಲ್ಲಿ ಮುಡಿದೇ ಆ ಓಣಿ ಹಬ್ಬ ಮಾಡುವುದು. ಮನ್ಮಥಪ್ಪ ಹೊರಗೋಡಿ, ಎದುರಿಗೆ ಬಂದ ಓಣಿಯ ಹಿರಿಯ ಹಾವಗೆಪ್ಪನ ರುಮಾಲಿಗೇ ಕೈಹಾಕಿದನು.

"ಹಬ್ಬದ ದಿನ ನನ್ನ ರುಮಾಲಿಗೆ ಕೈ ಹಾಕ್ತೀಯೇನಲೇ?"

"ಸಸಿ ಅಷ್ಟೇ ಕೊಡ್ರಿ ಕಾಕಾ, ಮರ್ಯಾದಿ ನಿಮ್ಮ ತಲಿ ಮ್ಯಾಗೇ ಇರಲಿ!"

"ನಿಂದು ನಿನಗದ, ನಂದ್ಯಾಕ ಬೇಕು?"

ಈ ಮಾತಿನ ಅರ್ಥವೇನೆಂದು ಯೋಚಿಸಲು ಮನ್ಮಥಪ್ಪನಿಗೆ ಪುರಸೊತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಅಂಗಳದ ಅನುಸೂಯಾಬಾಯಿ ಸಸಿ ಮುಡಿದ ತುರುಬು ಮುಚ್ಚಿಕೊಂಡು, "ದೂರ ನಿಲ್ಲಪಾ! ಮನಿಯಾಕಿನ್ನ ಕಳಸು, ಆಕಿ ತಗೀಲಿ" ಎಂದು ಗದರಿದಳು.

ಬೈಗುಳ ತಿಂದು, ಕೈಮುಗಿದು, ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತನ್ನು ಕೂಡಿಸಿ, ಬೇರಿಗೆ ಮಣ್ಣೊತ್ತಿ ನೆಟ್ಟನು. ಬೆವರೊರೆಸುವಷ್ಟರಲ್ಲಿ ಸಾಹೇಬರು ಬಂದು ಎಣಿಸಿಯೇಬಿಟ್ಟರು.

"ಇನ್ನೊಂದೆಲ್ಲಿ?"

ಮನ್ಮಥಪ್ಪ ತಟ್ಟೆಯನ್ನು ನೋಡಿದನು, ಈರಮ್ಮನನ್ನು ನೋಡಿದನು, ಮನೆಯ ಜಂತಿಯನ್ನೂ ನೋಡಿದನು. ಸಾಹೇಬರು ಮಾತ್ರ ಅವನ ತಲೆಯನ್ನೇ ನೋಡುತ್ತಿದ್ದರು. ಅವನು ಸ್ನಾನಕ್ಕೆ ಹೋಗಿದ್ದಾಗ ಗುರಮ್ಮ ಈರಮ್ಮನಿಂದ ಪಡೆದು ಗಂಡನ ರುಮಾಲಿಗೆ ಸಿಕ್ಕಿಸಿದ್ದ ಇಪ್ಪತ್ತನೆಯ ಸಸಿ ಅಲ್ಲಿ ತೂಗಾಡುತ್ತಿತ್ತು.

"ವಾಹ್! ನನ್ನ ಸಸಿ ತಲಿ ಮ್ಯಾಗ ಹೊತ್ತು ಸಾಕೀಯಲ್ಲೋ! ಇಂಥಾವ ಕಾಗದದಾಗ ಯಾಕ ಕೊಳೀಬೇಕು? ನೌಕರಿ ಪಕ್ಕಾ. ನಾಳಿಂದ ನನ್ನ ಔರಾದ ಬಂಗ್ಲೆದಾಗ ನೀನೇ ತೋಟದ ಮಾಲಿ! ಗುಮಾಸ್ತನ ಜಾಗಾ ನನ್ನ ತಂಗಿ ಮಗ ಕುತುಬೋದ್ದೀನಗ ಕೊಡ್ತೀನಿ."

ಮನ್ಮಥಪ್ಪ ರುಮಾಲಿನ ಸಸಿಯನ್ನು ಕಿತ್ತು ತಟ್ಟೆಗೆ ನೆಟ್ಟನು. ಬಾಗಿಲ ಮರೆಯಿಂದ ಗುರಮ್ಮನ ಹಿಗ್ಗಿನ ದನಿ ಬಂದಿತು:

"ಸಸಿ ತಲಿ ಮ್ಯಾಗ ಇಟ್ಕೊಂಡ್ರ ಆವತ್ತೇ ಫಲ ಅಂತ ನಾ ಹೇಳಿದ್ದಿಲ್ಲೇನ್ರಿ?"