ದಾತುವಿನ ಪಾಲು

"ಈ ಮನೆಯಲ್ಲಿ ಇನ್ನು ಹೆದರಿಕೆಗೆ ಜಾಗವಿಲ್ಲ!" ಎಂದು ಕುರ್ಸಾನಿ ಮಗಳ ಮದುವೆಯ ವಾರದಲ್ಲೇ ಘೋಷಿಸಿಬಿಟ್ಟ. ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಒಳಗೆ ಹೆಂಡತಿ ರುಸ್ಮಿ ತೆಂಗಿನಕಾಯಿ ತುರಿಯುತ್ತಿದ್ದಳು, ಅವಳ ತಾಯಿ, ಅವನ ಅತ್ತೆ ಜುಮ್ರಾ ಬೆಲ್ಲ ಕುಟ್ಟುತ್ತಿದ್ದರು. ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

ಕುರ್ಸಾನಿ ಸಾಮಾನ್ಯ ಮನುಷ್ಯನಲ್ಲ. ಸತ್ತ ಮೊಬೈಲುಗಳಿಗೆ ಜೀವ ಕೊಡುವ ಅಂಗಡಿ ಇಟ್ಟವನು. ವಿಜ್ಞಾನವೆಲ್ಲ ತನ್ನ ಕಡೆಗಿದೆ ಎಂಬ ಧೈರ್ಯ ಅವನದು. ಅಂಥವನ ಮನೆಯಲ್ಲಿ ಹೆದರಿಕೆ ಹುಟ್ಟಿಸಿದವರು ಅತ್ತೆಯ ತವರಿನ ಒಬ್ಬ ನೆಂಟರು. ಆ ನೆಂಟರು ವಾಸವಾಗಿರುವುದು ನದಿಯಲ್ಲಿ.

ಬಂಜರ್‌ಮಾಸಿನ್ ಎಂಬ ನದಿಯೂರಿನ ಆ ನೀರಿನ ಓಣಿಯ ಮನೆಗಳೆಲ್ಲ ನೀರಿಗೆ ಕಾಲು ಇಳಿಬಿಟ್ಟುಕೊಂಡೇ ಕೂತಿವೆ. ಅತ್ತೆಯ ಮುತ್ತಜ್ಜಿಯ ಜೊತೆ ಅವಳಿಯಾಗಿ ಹುಟ್ಟಿದವರು ಹಿತ್ತಿಲ ಮೆಟ್ಟಿಲಿಳಿದು ನದಿ ಸೇರಿ ಮೊಸಳೆಯಾದರಂತೆ. ಮೊಸಳೆ ಎಂದು ಬಾಯಿಬಿಟ್ಟು ಅನ್ನುವಂತಿಲ್ಲ. ದಾತು ಅನ್ನಬೇಕು, ಮನೆಯ ಹಿರಿಯರಿಗೆ ಅನ್ನುವ ಹಾಗೆ. ಮನೆಯಲ್ಲಿ ಮದುವೆಯಾದರೆ ಮೊದಲ ಪಾಲು ಅವರದು. ಅಂಟಕ್ಕಿಯ ಹಳದಿ ಅನ್ನ, ಅದರ ಮೇಲೆ ಬೆಲ್ಲದಲ್ಲಿ ಬಾಡಿಸಿದ ಕಾಯಿತುರಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ನದಿಯ ನಡುವೆ ಇದನ್ನೆಲ್ಲ ಬಿಟ್ಟು, ಮದುವೆಗೆ ಕರೆದು, ಹಿಂತಿರುಗಿ ನೋಡದೆ ಬರಬೇಕು.

ಪಾಲು ತಪ್ಪಿಸಿದರೆ ದಾತು ತಾವೇ ಬರುತ್ತಾರೆ. ಮನೆಯವರಲ್ಲಿ ಒಬ್ಬರ ಮೈಮೇಲೆ ಬಂದು, ಹೊಟ್ಟೆಯ ಮೇಲೆ ತೆವಳುತ್ತಾ ತಮ್ಮ ಪಾಲು ಕೇಳುತ್ತಾರೆ. ಆಗಲೂ ಕೊಡದಿದ್ದರೆ, ಮದುಮಗಳು ಸ್ನಾನಕ್ಕೆಂದು ನದಿಗೆ ಇಳಿದಾಗ... ಅತ್ತೆ ಯಾವಾಗಲೂ ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಇಷ್ಟು ವರ್ಷ ಪಾಲು ಒಯ್ಯುತ್ತಿದ್ದವರು ಅತ್ತೆಯೇ. ಈ ಸಲ ಅವರ ಮಂಡಿ ಊದಿಕೊಂಡು ದೋಣಿಗೆ ಇಳಿಯುವಂತಿರಲಿಲ್ಲ. ಕುರ್ಸಾನಿ ಎದೆಯುಬ್ಬಿಸಿ ಮುಂದೆ ಬಂದ. ತನಗೆ ನಂಬಿಕೆ ಇಲ್ಲ, ಆದರೆ ದೋಣಿ ಇದೆ ಎಂದ.

ರುಸ್ಮಿ ತಟ್ಟೆಯನ್ನು ಬಾಳೆ ಎಲೆಯಲ್ಲಿ ಮುಚ್ಚಿ ಕೈಗಿತ್ತಳು. "ಹಿಂದೆ ತಿರುಗಿ ನೋಡ್ಬೇಡಿ, ಅಬಾ. ಎಲೆ ತೆಗೀಲೂ ಬೇಡಿ." ಮಗಳು ಹುಟ್ಟಿದಂದಿನಿಂದ ಅವಳು ಗಂಡನನ್ನು ಕರೆಯುವುದು ಹಾಗೆಯೇ, ಮಗಳು ಅಪ್ಪನನ್ನು ಕರೆಯುವಂತೆ.

ಎಲೆ ತೆಗೆಯಬೇಡಿ ಎಂದು ಅವಳು ಹೇಳದಿದ್ದರೆ ಚೆನ್ನಾಗಿತ್ತು. ಡಾಕ್ಟರು ಸಕ್ಕರೆ ಕಾಯಿಲೆ ಎಂದ ದಿನದಿಂದ ರುಸ್ಮಿ ಅವನ ಊಟಕ್ಕೆ ಕಾವಲು ಕೂತಿದ್ದಳು. ಮನೆ ತುಂಬ ಬೆಲ್ಲದ ಪಾಕ ಕುದಿಯುತ್ತಿದ್ದರೂ ಅವನಿಗೆ ಸಿಗುತ್ತಿದ್ದದ್ದು ಬೇಯಿಸಿದ ಸೊಪ್ಪು. ದೋಣಿ ಓಣಿ ದಾಟಿ ನಡುನೀರಿಗೆ ಬಂದಾಗ ಸಂಜೆಯ ಗಾಳಿ ಬೀಸಿ ಎಲೆ ತಾನಾಗಿಯೇ ಸರಿಯಿತು. ತಾನಾಗಿಯೇ!

ಮೊದಲು ಅವನು ಮುಟ್ಟಿದ್ದು ಕಾಯಿತುರಿಯನ್ನು ಮಾತ್ರ. ಮದುವೆ ಮನೆಯ ಯಜಮಾನ ರುಚಿ ನೋಡದೆ ನೆಂಟರಿಗೆ ಬಡಿಸಬಹುದೇ? ಕಾಯಿತುರಿ ಹೋದ ಮೇಲೆ ಅನ್ನ ಬೋಳಾಗಿ ಕಂಡಿತು. ಅಂಥ ಅನ್ನವನ್ನು ಹಿರಿಯರ ಮುಂದಿಡುವುದು ಅವಮರ್ಯಾದೆ ಎಂದು ಅದನ್ನೂ ಮುಗಿಸಿದ. ಅನ್ನವಿಲ್ಲದೆ ಮೊಟ್ಟೆಗಳು ಅನಾಥವಾದವು. ಬಾಳೆಹಣ್ಣಿನ ಸಿಪ್ಪೆಯನ್ನು ನೀರಿಗೆ ಬಿಡುವಾಗ, ಮದುವೆಗೆ ದಯಮಾಡಿಸಬೇಕು ಎಂದು ಕರೆಯುವುದನ್ನು ಮಾತ್ರ ಅವನು ಮರೆಯಲಿಲ್ಲ.

ಆಗ ಬೆನ್ನ ಹಿಂದೆ ನೀರು ಬುಳುಕ್ ಎಂದಿತು.

ಕುರ್ಸಾನಿ ತಿರುಗಿ ನೋಡಿದ. ಯಾರೂ ಇಲ್ಲದ ಜಾಗದಲ್ಲಿ ನೀರಿನ ಬಳೆಗಳು ಅಗಲವಾಗುತ್ತಿದ್ದವು. ಮೀನು ಎಂದುಕೊಂಡ. ಮತ್ತೆ ಬುಳುಕ್ ಎಂದಿತು, ಈ ಸಲ ದೋಣಿಗೆ ಹತ್ತಿರದಲ್ಲಿ. ದೊಡ್ಡ ಮೀನು ಎಂದುಕೊಂಡ. ಮೂರನೆಯ ಸಲಕ್ಕೆ ಏನೂ ಅಂದುಕೊಳ್ಳದೆ ಹುಟ್ಟು ಹಾಕತೊಡಗಿದ. ಓಣಿಯಲ್ಲಿ ಅಷ್ಟು ವೇಗವಾಗಿ ಬಂದ ದೋಣಿಯನ್ನು ಯಾರೂ ಕಂಡಿರಲಿಲ್ಲ.

ಮೆಟ್ಟಿಲ ಮೇಲೆಯೇ ಅತ್ತೆ ಕಾಯುತ್ತಿದ್ದರು.

"ತಗೊಂಡ್ರಾ?"

"ತಗೊಂಡ್ರು."

"ಪೂರ್ತಿ?"

"ಬೆರಳು ನೆಕ್ಕೋ ಹಾಗೆ ತಿಂದ್ರು."

ತಿಂದವರು ಯಾರೆಂಬುದೊಂದು ಬಿಟ್ಟರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ನೆಲದ ಹಲಗೆಯ ಕೆಳಗೆ ಏನೋ ಕಂಬಕ್ಕೆ ಧಬ್ ಎಂದು ತಾಗುತ್ತಿತ್ತು. ತೇಲಿ ಬಂದ ಮರದ ತುಂಡು ಎಂದಿತು ವಿಜ್ಞಾನ. ಪ್ರತಿ ಧಬ್ಬಿಗೂ ಎದೆ ಝಲ್ಲೆಂದಿತು. ಬೆನ್ನು ತುರಿಸುತ್ತದೆಂದು ಕೈಯಾಡಿಸಿದರೆ ಬೆನ್ನೆಲ್ಲ ಒರಟು ಒರಟು ಗುಳ್ಳೆ. ಸೆಕೆಗೆ ಪ್ರತಿ ವರ್ಷವೂ ಏಳುತ್ತಿದ್ದ ಗುಳ್ಳೆಗಳೇ ಅವು. ಆದರೆ ಪ್ರತಿ ವರ್ಷ ಅವನು ಯಾರ ಪಾಲನ್ನೂ ತಿಂದಿರಲಿಲ್ಲವಲ್ಲ!

ಬೆಳಗಾಗುವ ಹೊತ್ತಿಗೆ ಅಂಟಕ್ಕಿ ತನ್ನ ಕೆಲಸ ಶುರು ಮಾಡಿತು. ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆಯುತ್ತಿದ್ದರು. ಎದ್ದು ನಿಂತರೆ ನುಲಿತ, ಕೂತರೆ ಅದಕ್ಕಿಂತ ಹೆಚ್ಚು ನುಲಿತ. ತಣ್ಣನೆಯ ಹಲಗೆಗೆ ಹೊಟ್ಟೆ ಒತ್ತಿ ಬೋರಲು ಮಲಗಿದರೆ ಮಾತ್ರ ಉಸಿರಾಡಬಹುದಿತ್ತು. ಆದರೆ ಪಾಯಿಖಾನೆ ಇದ್ದದ್ದು ಹಿತ್ತಿಲ ಕಡೆ, ನೀರಿನ ಬಾಗಿಲ ಪಕ್ಕದಲ್ಲಿ. ಬೇರೆ ದಾರಿ ಕಾಣದೆ ಅವನು ಮೊಣಕೈ ಊರಿ, ಹೊಟ್ಟೆಯ ಮೇಲೆ ತೆವಳುತ್ತಾ, ನರಳುತ್ತಾ ಹೊರಟ.

ನಡುಮನೆಯಲ್ಲಿ ಮದುಮಗಳ ಸ್ನಾನಕ್ಕೆ ಹೂವು ಬಿಡಿಸುತ್ತಿದ್ದ ಹೆಂಗಸರು ಮೊದಲು ಮೊಣಕೈಗಳನ್ನು ಕಂಡರು, ಆಮೇಲೆ ಕುರ್ಸಾನಿಯನ್ನು ಕಂಡರು. ಯಾರದೋ ಕೈಯಿಂದ ಹೂವಿನ ಬುಟ್ಟಿ ಬಿತ್ತು. ಅವನು ತೆವಳುತ್ತಿದ್ದದ್ದು ನೇರವಾಗಿ ನದಿಯ ಕಡೆಗೆ.

"ಯಾರೂ ಮುಟ್ಬೇಡಿ. ದಾತು ಬಂದಿದ್ದಾರೆ" ಎಂದರು ಅತ್ತೆ.

ಅಲ್ಲ, ಹೊಟ್ಟೆನೋವು ಎನ್ನಲು ಕುರ್ಸಾನಿ ಬಾಯಿ ತೆರೆದ. ಏನು ತಿಂದೆ ಎಂದು ಕೇಳಿದರೆ? ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ಅದು ಇನ್ನೂ ಥೇಟ್ ದಾತುವಿನಂತೆಯೇ ಕಂಡಿತು.

ಅತ್ತೆ ನೋಯುವ ಮಂಡಿಯನ್ನೂ ಲೆಕ್ಕಿಸದೆ ಅವನ ಮುಂದೆ ಕೂತು ಕೈ ಮುಗಿದರು. ಮದುವೆಯಾದಂದಿನಿಂದ ಅವನನ್ನು ಏಕವಚನದಲ್ಲೇ ಮಾತಾಡಿಸಿದ ಅತ್ತೆ ಈಗ "ದಯಮಾಡಿಸಿ" ಎಂದರು. ರುಸ್ಮಿ ಕಾಲೊತ್ತಲು ಕೂತಳು. ಒಂದು ಬಟ್ಟಲಲ್ಲಿ ಹಸಿ ಮೊಟ್ಟೆ ಒಡೆದು ಬಾಯಿಗೆ ಹಿಡಿದರು. ಕುಡಿಯದೆ ಗತಿಯಿರಲಿಲ್ಲ. ಅದು ಗಂಟಲಲ್ಲಿ ಇಳಿಯುವಾಗ ಅವನಿಗೆ ನಿಜಕ್ಕೂ ಭಯವಾಯಿತು. ಹಸಿ ಮೊಟ್ಟೆ ಕಂಡರಾಗದ ತನ್ನ ಗಂಟಲು ಇದನ್ನು ಹೇಗೆ ನುಂಗಿತು? ಬೆನ್ನು ಮತ್ತೆ ತುರಿಸಿತು.

ಮದುಮಗನ ಚಿಕ್ಕಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹಿರಿಯರು ಮುನಿದಿರುವ ಮನೆಯಿಂದ ಹೆಣ್ಣು ತರುವುದು ಸರಿಯಲ್ಲ, ಮದುವೆ ಮುಂದಕ್ಕೆ ಹಾಕೋಣ ಎಂದು ಮೆಲ್ಲಗೆ ಹೇಳಿದಳು. ಹಳದಿ ಬಟ್ಟೆಯುಟ್ಟು ಸ್ನಾನಕ್ಕೆ ಸಿದ್ಧಳಾಗಿದ್ದ ಮಗಳು ಮಹ್ರಿತಾಳ ಕಣ್ಣಲ್ಲಿ ನೀರು ತುಂಬಿತು.

"ನಿನ್ನೆ ಕಳಿಸಿದ್ದು ಸಾಲಲಿಲ್ವಾ ದಾತು?" ಎಂದು ಅತ್ತೆ ಕೇಳಿದರು.

ಕುರ್ಸಾನಿ ಲೆಕ್ಕ ಹಾಕಿದ. ಸಿಗಲೇ ಇಲ್ಲ ಎಂದರೆ ಒಯ್ದ ಅಳಿಯ ಸಿಕ್ಕಿಬೀಳುತ್ತಾನೆ. ಸಾಲಲಿಲ್ಲ ಎಂದರೆ ಇನ್ನೊಂದು ತಟ್ಟೆ ಅಂಟಕ್ಕಿ ಬಾಯಿಗೆ ಬರುತ್ತದೆ. ಅವನು ಮೊಟ್ಟೆ ಅಂಟಿದ ಗಂಟಲಿನಿಂದ ಗೊಗ್ಗರು ದನಿ ತೆಗೆದ.

"ಹೊಟ್ಟೆ ತುಂಬಿದೆ."

"ಹಾಗಾದ್ರೆ ಯಾಕೆ ಬಂದ್ರಿ?"

"ಹೇಳಿ ಹೋಗೋಣ ಅಂತ. ನಿನ್ನ ಅಳಿಯ ತುಂಬಾ ಒಳ್ಳೆಯವನು. ಮರ್ಯಾದೆಯಿಂದ ಉಪಚಾರ ಮಾಡ್ದ. ಅಂಥವನಿಗೆ ಮನೇಲಿ ಆಗಾಗ ಸ್ವಲ್ಪ ಸಿಹಿ ಕೊಡ್ಬೇಕು."

ಕಾಲೊತ್ತುತ್ತಿದ್ದ ಕೈ ನಿಂತಿತು. ಅತ್ತೆ ಅವನ ಮುಖವನ್ನು ಕೊಂಚ ಹೊತ್ತು ನೋಡಿದರು. ಆಮೇಲೆ ರುಸ್ಮಿಯನ್ನು ನೋಡಿದರು; ಅವಳು ಎದ್ದು ಅಡುಗೆಮನೆಗೆ ಹೋಗಿಬಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, ದಾತುವಿಗೆ ತೃಪ್ತಿಯಾಗಿದೆ, ಅವರು ಇಲ್ಲಿರುವಾಗಲೇ ಸ್ನಾನ ಆಗಿಬಿಡಲಿ ಎಂದರು. ಮದುಮಗನ ಚಿಕ್ಕಮ್ಮನ ಮುಖ ಅರಳಿತು. ಮಹ್ರಿತಾ ಕಣ್ಣೊರಸಿಕೊಂಡು ಎದ್ದಳು.

ನೀರಿನ ಬಾಗಿಲವರೆಗೆ ತೆವಳಿ ಬಂದು ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದ ಕುರ್ಸಾನಿಗೆ ಕಂಡದ್ದು ಮಗಳ ಪಾದಗಳು ಮಾತ್ರ, ಮದರಂಗಿ ಹಚ್ಚಿದ ಪಾದಗಳು. ಅವು ಅವನ ಮೂಗಿನ ಮುಂದೆಯೇ ಹೊಸ್ತಿಲು ದಾಟಿದವು, ಒದ್ದೆ ಮೆಟ್ಟಿಲ ಮೇಲೆ ನಿಂತವು, ಇನ್ನೊಂದು ಮೆಟ್ಟಿಲು ಇಳಿದವು. ಕೆಳಗೆ ನೀರು ಕಪ್ಪಗಿತ್ತು. ಅದರ ಮೇಲೆ ಒಂದು ಅಲೆಯ ಬಳೆ ಎದ್ದು ಅಗಲವಾಯಿತು.

ವಿಜ್ಞಾನ ಮಾತಾಡಲಿಲ್ಲ. ಅದು ಯಾವಾಗಲೋ ಎದ್ದು ಹೋಗಿತ್ತು. ಮೀನಿರಬಹುದು, ಮರದ ತುಂಡಿರಬಹುದು, ಇಲ್ಲದೆಯೂ ಇರಬಹುದು. ಅಲ್ಲಿ ಪಾಲು ಸಿಗದ ಒಬ್ಬರಿದ್ದರೆ, ಅವರು ಕಾಯುತ್ತಿರುವುದು ತನ್ನ ಮಗಳಿಗಾಗಿ. ತಿಂದವನು ತಾನು. ಹುಟ್ಟಿದಂದಿನಿಂದ ಅವನು ಅಷ್ಟು ಹೆದರಿದ್ದೇ ಇಲ್ಲ.

"ಇಳೀಬೇಡ ಮಗಳೇ! ಅವರಿಗೆ ಏನೂ ಸಿಕ್ಕಿಲ್ಲ. ತಿಂದಿದ್ದು ನಾನು. ಅನ್ನ, ಮೊಟ್ಟೆ, ಬಾಳೆಹಣ್ಣು, ಎಲ್ಲಾ ನಾನೇ ತಿಂದೆ."

ಹೊಟ್ಟೆ ಹಿಡಿದುಕೊಂಡೇ ಅವನು ಮಗಳನ್ನು ದಾಟಿ ಕೆಳಗಿನ ಮೆಟ್ಟಿಲಿಗೆ ಹಾರಿದ. ಮೊಣಕಾಲುದ್ದ ನೀರಿನಲ್ಲಿ ನದಿಗೆ ಮುಖ ಮಾಡಿ, ಎರಡೂ ಕೈ ಚಾಚಿ ನಿಂತ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದ.

ಯಾರೂ ಕಿರುಚಲಿಲ್ಲ. ಒಂದು ಕಣ್ಣು ತೆರೆದು ಮೇಲೆ ನೋಡಿದರೆ, ರುಸ್ಮಿ ಮಗಳ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು. ಇನ್ನೊಂದು ಮೆಟ್ಟಿಲು ಇಳಿಯಲು ಅವಳು ಬಿಡುತ್ತಿರಲಿಲ್ಲ. ಅಡುಗೆಮನೆಯಿಂದ ಅಂಟಕ್ಕಿ ಬೇಯುವ ವಾಸನೆ ಬರುತ್ತಿತ್ತು. ದಾತುವಿಗೆ ಹೊಸ ಪಾಲು ಆಗಲೇ ಒಲೆಯ ಮೇಲಿತ್ತು.

"ಗೊತ್ತಿತ್ತಾ?" ಎಂದು ಕುರ್ಸಾನಿ ನೀರಿನಿಂದಲೇ ಕೇಳಿದ. "ಹೇಗೆ ಗೊತ್ತಾಯ್ತು?"

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದು ನಿಂತರು.

"ದಾತು ನನ್ನ ತವರಿನವರು ಕಣೋ. ನನ್ನ ತವರಿನವರು ಒಬ್ರಾದ್ರೂ ಇವತ್ತಿನ ತನಕ ನಿನ್ನ ಹೊಗಳಿದ್ದಾರಾ?"